ವಿದ್ಯೆ ದಾನವೋ ಋಣವೋ

ಸರ್ಕಾರಿ ಶಾಲೆಯ ಸುತ್ತ ಓಡಾಡುವ ಮಾತುಗಳಲ್ಲಿ ಅರ್ಧಕ್ಕರ್ಧ ಧರ್ಮದ ಮಾತುಗಳು. ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರು, ಹಾಲಿಗೆ ‘ಕ್ಷೀರ ಭಾಗ್ಯ’. ಡೆಸ್ಕು, ನೀರಿನ ಫಿಲ್ಟರು, ಧ್ವಜದ ಕಟ್ಟೆ ಕೊಡಿಸಿದವರು ‘ದಾನಿಗಳು’. ಅವರ ಹೆಸರು, ಕೊಟ್ಟ ವಸ್ತು, ಇಸವಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ. ಕಾಯಂ ಮೇಷ್ಟ್ರಿಲ್ಲದ ತರಗತಿಗೆ ಬರುವವರು ‘ಅತಿಥಿ ಶಿಕ್ಷಕರು’. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಸಂವಿಧಾನದ 21ಎ ವಿಧಿಯೊಂದು ಮಾತ್ರ ಬೇರೆ ಮಾತಾಡುತ್ತದೆ: 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕು. ಭಾಗ್ಯ ಒಲಿದು ಬರಬೇಕು. ದಾನ ಕೊಡುವವನ ಇಷ್ಟ. ಹಕ್ಕನ್ನು ಕೊಡದಿದ್ದರೆ ಕೇಳಿ ಪಡೆಯಬಹುದು. ಶಿಕ್ಷಣ ಸುಧಾರಣೆ, ಶಿಕ್ಷಕರ ಗುಣಮಟ್ಟ, ಸಮಾನತೆ ಎಂದು ನಡೆಯುವ ಚರ್ಚೆಗಳು ಬಹುಪಾಲು ಹಣ, ಹುದ್ದೆ, ಫಲಿತಾಂಶಗಳ ಲೆಕ್ಕದಲ್ಲೇ ಮುಗಿಯುತ್ತವೆ. ಅವುಗಳ ಬುಡದಲ್ಲಿರುವ ಪ್ರಶ್ನೆ ಹಳೆಯದು: ಮಗುವಿಗೆ ಕಲಿಸುವ ಸಮಾಜ ಅದಕ್ಕೆ ಏನನ್ನೋ ದಯಪಾಲಿಸುತ್ತಿದೆಯೆ, ಇಲ್ಲ ತಾನು ಕೊಡಬೇಕಾದ ಬಾಕಿಯನ್ನು ತೀರಿಸುತ್ತಿದೆಯೆ?

ಈ ಪ್ರಶ್ನೆಯನ್ನು ಹತ್ತಿರದಿಂದ ನೋಡಲು ಚಿಕ್ಕಬಳ್ಳಾಪುರ ಜಿಲ್ಲೆ ಒಳ್ಳೆಯ ಜಾಗ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆ ಬೆಂಗಳೂರಿನ ಮಗ್ಗುಲಲ್ಲೇ ಇದೆ, ಆಂಧ್ರದ ಗಡಿಯನ್ನೂ ಮುಟ್ಟುತ್ತದೆ. ದಕ್ಷತೆಯ ಪರವಾಗಿ ನಿಂತ ವಿಶ್ವೇಶ್ವರಯ್ಯನವರ ಊರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿ. ಪ್ರಶ್ನಿಸದೆ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದ ಡಾ. ಎಚ್. ನರಸಿಂಹಯ್ಯನವರದು ಗೌರಿಬಿದನೂರು ತಾಲ್ಲೂಕಿನ ಹೊಸೂರು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದವರೊಬ್ಬರು ತಾತಯ್ಯನಾಗಿ, ಯೋಗಿ ನಾರೇಯಣನಾಗಿ ಪೂಜೆಗೊಳ್ಳುತ್ತಿದ್ದಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ, ನೂಲು ಬಿಚ್ಚುವ ಮನೆಗಳಿವೆ, ಉರ್ದು ಶಾಲೆಗಳಿವೆ.

ಕೊಡುವುದರ ಬಗ್ಗೆ ಧರ್ಮಗ್ರಂಥಗಳು ಸಲೀಸಾಗಿ ಮಾತಾಡಿಲ್ಲ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯ ಹೇಳುವ ಬುದ್ಧಿಮಾತುಗಳಿವೆ. ಕೊಡುವವನಿಗೆ ಶ್ರದ್ಧೆಯ ಜೊತೆಗೆ ನಾಚಿಕೆಯೂ ಅಂಜಿಕೆಯೂ ಇರಬೇಕೆಂಬುದು ಅಲ್ಲಿನ ಕಟ್ಟಳೆ. ದಾನಿಯ ಹೆಸರನ್ನು ಗೋಡೆ ತುಂಬ ಬರೆಸುವ ಪದ್ಧತಿ ಆ ನಾಚಿಕೆಗೆ ಹೇಗೆ ಹೊಂದುತ್ತದೋ ಬಲ್ಲವರೇ ಹೇಳಬೇಕು. ದೇವರೆಂದು ಕಾಣಬೇಕಾದವರ ಪಟ್ಟಿಯೂ ಅಲ್ಲೇ ಇದೆ: ತಾಯಿ, ತಂದೆ, ಆಚಾರ್ಯ, ಅತಿಥಿ. ಕೊನೆಯ ಇಬ್ಬರು ಅಕ್ಕಪಕ್ಕದಲ್ಲಿದ್ದಾರೆ. ಅತಿಥಿಯೂ ಶಿಕ್ಷಕನೂ ಆದವನಿಗೆ ಆ ಲೆಕ್ಕದಲ್ಲಿ ಎರಡು ಪಾಲು ಮರ್ಯಾದೆ ಸಲ್ಲಬೇಕಿತ್ತು.

ಇದಕ್ಕಿಂತ ಮುಖ್ಯವಾದದ್ದು ವೇದಗಳ ಕಾಲದಿಂದ ಬಂದ ಋಣದ ಕಲ್ಪನೆ. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಪಿತೃಗಳಿಗೆ, ಋಷಿಗಳಿಗೆ ಸಾಲಗಾರ. ಋಷಿಋಣ ತೀರುವುದು ಓದುವುದರಿಂದ. ಓದಿದ್ದನ್ನು ಮುಂದಿನವರಿಗೆ ದಾಟಿಸುವುದೂ ಅದರ ಭಾಗವೆಂದು ಪರಂಪರೆ ಬಗೆಯಿತು. ಈ ಲೆಕ್ಕದಲ್ಲಿ ಕಲಿಸುವವನು ದಾನಿಯಲ್ಲ. ತನಗೆ ಕಲಿಸಿದವರಿಗೆ ಹಿಂದಿರುಗಿಸಲಾಗದ್ದನ್ನು ಮುಂದಿನವರಿಗೆ ಸಲ್ಲಿಸುತ್ತಿರುವವನು. ದಾನವನ್ನು ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂದು ಆರಿಸಿಕೊಳ್ಳಬಹುದು. ಸಾಲ ತೀರಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಶಿಕ್ಷಣದ ಬಗ್ಗೆ ಈ ನೆಲದಲ್ಲಿ ಹುಟ್ಟಿದ ಅತಿ ಗಟ್ಟಿ ವಿಚಾರ ಇದು. ಆದರೆ ಆ ಸಾಲದ ಪುಸ್ತಕದಲ್ಲಿ ಎಲ್ಲರ ಹೆಸರೂ ಇರಲಿಲ್ಲ. ಗೋತ್ರ ತಿಳಿಯದ ಸತ್ಯಕಾಮನನ್ನು ಗೌತಮ ಶಿಷ್ಯನಾಗಿ ಒಪ್ಪಿದ ಕಥೆ ಛಾಂದೋಗ್ಯದಲ್ಲಿದೆ. ಕಲಿಸದೆಯೇ ಏಕಲವ್ಯನ ಹೆಬ್ಬೆರಳು ಕೇಳಿದ ದ್ರೋಣನ ಕಥೆ ಮಹಾಭಾರತದಲ್ಲಿದೆ. ಇತಿಹಾಸ ಬಹುಕಾಲ ನಡೆದದ್ದು ಎರಡನೆಯ ಕಥೆಯ ದಾರಿಯಲ್ಲಿ.

ಕರ್ನಾಟಕದಲ್ಲಿ ಈ ಪುಸ್ತಕಕ್ಕೆ ಹೊಸ ಹೆಸರು ಸೇರಿಸುವ ಪ್ರಯತ್ನಗಳು ಬೇರೆ ಬೇರೆ ಕಡೆಯಿಂದ ಬಂದವು. ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ದಾನಗಳನ್ನು ಎಣಿಸಿದರು. 10ನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಮಾತು ಆ ನಾಲ್ಕನೆಯ ದಾನಕ್ಕೆ ಸಾಕ್ಷಿ. 12ನೆಯ ಶತಮಾನದ ಶರಣರು ಇನ್ನೂ ಮುಂದೆ ಹೋಗಿ ದಾನದ ಜಾಗದಲ್ಲಿ ದಾಸೋಹವನ್ನು ಇಟ್ಟರು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಕಾಯಕದಿಂದ ಬಂದದ್ದು ತನ್ನದೆಂಬ ಭಾವವಿಲ್ಲದೆ ಸಲ್ಲಿಸುವುದು ಅವನ ಕೆಲಸ. ತುಮಕೂರಿನ ಸಿದ್ಧಗಂಗಾ ಮಠ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವಾಗಿ ಇದನ್ನು ನಡೆಸಿಕೊಂಡು ಬಂದಿತು. ಇಸ್ಲಾಮಿನಲ್ಲಿ ಜ್ಞಾನವನ್ನು ಅರಸುವುದು ಪ್ರತಿಯೊಬ್ಬರ ಕರ್ತವ್ಯ. ಉಳ್ಳವರ ಸಂಪತ್ತಿನಲ್ಲಿ ಬೇಡುವವರಿಗೂ ವಂಚಿತರಿಗೂ ಪಾಲಿದೆ ಎನ್ನುವ ಕುರ್‌ಆನ್ ಆ ಪಾಲಿಗೆ ಬಳಸುವ ಪದ ‘ಹಕ್’. ಕನ್ನಡದ ‘ಹಕ್ಕು’ ಬಂದದ್ದು ಅದೇ ಪದದಿಂದ. ಸಂವಿಧಾನ ಮಗುವಿಗೆ ಕೊಟ್ಟ ಮಾತನ್ನು ಕನ್ನಡದಲ್ಲಿ ಹೇಳಹೊರಟರೆ ಋಣ ಎಂಬ ಸಂಸ್ಕೃತ ಪದ, ಹಕ್ಕು ಎಂಬ ಅರಬ್ಬಿ ಮೂಲದ ಪದ ಎರಡೂ ಬೇಕಾಗುತ್ತವೆ. ಬಾಕಿ ತೀರಿಸಬೇಕಾದವನ ಕಡೆಯಿಂದ ನೋಡಿದರೆ ಋಣ, ಬರಬೇಕಾದವನ ಕಡೆಯಿಂದ ನೋಡಿದರೆ ಹಕ್ಕು.

ಕರ್ನಾಟಕ ಸರ್ಕಾರ 2002-03ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಬಿಸಿಯೂಟ ಶುರು ಮಾಡಿ, ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿಸಿದಾಗ ಶರಣರ ಪದವನ್ನು ಎರವಲು ಪಡೆಯಿತು. ಪದ ಒಳ್ಳೆಯದೇ. ಆದರೆ ಸರ್ಕಾರಕ್ಕೆ ಸ್ವಂತ ಕಾಯಕದ ಗಳಿಕೆ ಇಲ್ಲ. ಅದು ಬಡಿಸುವುದು ಬೆಂಕಿಪೊಟ್ಟಣ, ಸೋಪು ಕೊಳ್ಳುವ ಕೂಲಿಯವನೂ ಸೇರಿದಂತೆ ಎಲ್ಲರೂ ಕಟ್ಟಿದ ತೆರಿಗೆಯನ್ನು. ಮಠ ಮಾಡಿದರೆ ದಾಸೋಹವಾಗುವುದು ಸರ್ಕಾರ ಮಾಡಿದಾಗ ಹಿಂದಿರುಗಿಸುವಿಕೆ ಆಗುತ್ತದೆ. ಇಂದು ಈ ಜಿಲ್ಲೆಯ ಶಾಲಾ ಮಗುವಿನ ತಟ್ಟೆಯಲ್ಲಿ ಮೂವರು ಕೊಡುವವರು ಒಟ್ಟಿಗೆ ಸಿಗುತ್ತಾರೆ. ಅನ್ನ-ಸಾರು ಸರ್ಕಾರದ್ದು. ವಾರದ ಕೆಲವು ದಿನಗಳ ಮೊಟ್ಟೆಗೆ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವು. ಹಾಲಿಗೆ ಬೆರೆಸುವ ರಾಗಿ ಪುಡಿ ‘ಸಾಯಿ ಶೂರ್’, ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದ ಟ್ರಸ್ಟಿನದು. ಅದೂ 2024ರಲ್ಲೇ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಮೂರೂ ಮಗುವಿನ ಹೊಟ್ಟೆಗೆ ಒಳ್ಳೆಯವೇ. ವ್ಯತ್ಯಾಸ ಕಾಣುವುದು ನಿಂತುಹೋದ ದಿನ. ಅನ್ನ ನಿಂತರೆ ಪಾಲಕರು ಕೇಳಬಹುದು, ಕೋರ್ಟಿಗೂ ಹೋಗಬಹುದು. ದಾನ ನಿಂತರೆ ಕೇಳುವುದಕ್ಕೆ ಬಾಯಿಲ್ಲ.

ಮೊಟ್ಟೆಯ ಜಗಳ ಈ ಗೊಂದಲವನ್ನು ಇನ್ನಷ್ಟು ಬಿಡಿಸಿ ತೋರಿಸಿತು. ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದಲ್ಲಿ 2021ರ ಕೊನೆಗೆ ಶಾಲೆಯಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ಬೇಡವೆಂದರು. ಶಾಲೆ ಎಲ್ಲರದೂ ಆದ್ದರಿಂದ ಯಾರ ನಂಬಿಕೆಗೂ ನೋವಾಗಬಾರದು ಎಂಬುದು ಅವರ ವಾದ. ಎಲ್ಲರದೂ ಆದ್ದರಿಂದಲೇ ಮನೆಯಲ್ಲಿ ಮೊಟ್ಟೆ ತಿನ್ನುವ ಬಡ ಮಗುವಿಗೆ ಅದು ಸಿಗಬೇಕು ಎಂಬುದು ಎದುರಿನವರ ವಾದ. ಒಲ್ಲದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡುವ ಏರ್ಪಾಟು ಕೊನೆಗೆ ನಿಂತಿತು. ಶಾಲೆ ದಾನದ ಜಾಗವಾಗಿದ್ದರೆ ದಾನಿಯ ಆಹಾರ ನಿಯಮ ನಡೆಯಬಹುದಿತ್ತು. ಹಕ್ಕಿನ ಜಾಗದಲ್ಲಿ ಮಗುವಿನ ಆಯ್ಕೆ ನಡೆಯುತ್ತದೆ.

ಗುಣಮಟ್ಟ ಮತ್ತು ಸಮಾನತೆ ಒಟ್ಟಿಗೆ ಬಾಳಬಲ್ಲವೆ ಎಂಬ ಪ್ರಶ್ನೆ ಈ ಜಿಲ್ಲೆಗೆ ಹೊಸದಲ್ಲ. ಒಂದು ಶತಮಾನದ ಹಿಂದೆ ಅದು ಮೈಸೂರು ಸಂಸ್ಥಾನವನ್ನೇ ಅಲ್ಲಾಡಿಸಿತು. ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಾಲೆ ಓದಿದ ವಿಶ್ವೇಶ್ವರಯ್ಯ ದಿವಾನರಾದದ್ದು 1912ರಲ್ಲಿ. ಅವರ ಅವಧಿಯಲ್ಲಿ 1913ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಬೇಕೆಂಬ ಒತ್ತಾಯಕ್ಕೆ ಓಗೊಟ್ಟು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಅರ್ಹತೆ ಬಿಟ್ಟು ಬೇರೆ ಅಳತೆ ಬಂದರೆ ಆಡಳಿತದ ದಕ್ಷತೆ ಕುಸಿಯುತ್ತದೆ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಆ ವರ್ಷವೇ ಅವರು ದಿವಾನಗಿರಿ ಬಿಟ್ಟರು. ಸಮಿತಿಯ ವರದಿ 1919ರಲ್ಲಿ ಬಂತು, 1921ರಲ್ಲಿ ಆದೇಶವಾಯಿತು.

ವಿಶ್ವೇಶ್ವರಯ್ಯನವರನ್ನು ಇಲ್ಲಿ ಖಳನಾಯಕನನ್ನಾಗಿ ಮಾಡುವುದು ಸುಲಭ, ಸರಿಯಲ್ಲ. ಹಿಂದುಳಿದವರಿಗೆ ಶಾಲೆ, ವಿದ್ಯಾರ್ಥಿವೇತನ ಕೊಟ್ಟು ಮೇಲೆತ್ತಬೇಕು, ಆಮೇಲೆ ಸ್ಪರ್ಧೆ ಎಲ್ಲರಿಗೂ ಒಂದೇ ಇರಲಿ ಎಂಬುದು ಅವರ ಉತ್ತರ. ಆ ಉತ್ತರ ನಿಲ್ಲುವುದು ಒಂದು ಷರತ್ತಿನ ಮೇಲೆ: ಹಳ್ಳಿಯ ಶಾಲೆಯೂ ಪಟ್ಟಣದ ಶಾಲೆಯಷ್ಟೇ ಚೆನ್ನಾಗಿರಬೇಕು. ಷರತ್ತು ಈಡೇರದೆ ಸ್ಪರ್ಧೆ ಮಾತ್ರ ಉಳಿದರೆ ಅರ್ಹತೆ ಎಂಬುದು ಹುಟ್ಟಿದ ಮನೆಯ ಇನ್ನೊಂದು ಹೆಸರಾಗುತ್ತದೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಇದನ್ನೇ ತಾತ್ತ್ವಿಕವಾಗಿ ವಾದಿಸಿದರು: ಪ್ರತಿಭೆಯೂ ಮನೆಯ ಅನುಕೂಲವೂ ಯಾರೂ ಸಂಪಾದಿಸಿದ್ದಲ್ಲ, ಅವುಗಳಿಂದ ಹುಟ್ಟುವ ಅಸಮಾನತೆಗೆ ಸಮರ್ಥನೆ ಸಿಗುವುದು ಅದು ಅತಿ ಕೆಳಗಿರುವವರಿಗೂ ಒಳಿತು ಮಾಡಿದಾಗ ಮಾತ್ರ. 1964-66ರ ಕೊಠಾರಿ ಆಯೋಗ ಎಲ್ಲ ವರ್ಗದ ಮಕ್ಕಳೂ ನೆರೆಯ ಒಂದೇ ಶಾಲೆಗೆ ಹೋಗುವ ಸಮಾನ ಶಾಲಾ ವ್ಯವಸ್ಥೆಯನ್ನು ಕೇಳಿತ್ತು. ಆ ಶಿಫಾರಸನ್ನು ಯಾರೂ ವಿರೋಧಿಸಲಿಲ್ಲ, ಯಾರೂ ಜಾರಿಗೂ ತರಲಿಲ್ಲ.

ಷರತ್ತು ಈಡೇರದ ಹಳ್ಳಿಯಿಂದ ಎದ್ದು ಬಂದವರು ಎಚ್. ನರಸಿಂಹಯ್ಯ. 1920ರಲ್ಲಿ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಊರಲ್ಲಿ ಹೈಸ್ಕೂಲು ಇರಲಿಲ್ಲ. 1935ರಲ್ಲಿ ಬಸ್ಸಿನ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಭೌತಶಾಸ್ತ್ರ ಓದಿ, ಅಮೆರಿಕದ ಓಹಿಯೊದಲ್ಲಿ ಡಾಕ್ಟರೇಟ್ ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರ ವಾಸ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೊಠಡಿಯಲ್ಲಿ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಆದದ್ದು ಅವರಿಂದ. ತಾನು ನಡೆದಷ್ಟು ದೂರ ಮುಂದಿನವರು ನಡೆಯಬಾರದು ಎಂಬ ಈ ಕೆಲಸವನ್ನು ಋಷಿಋಣ ಎಂದರೆ ವಿಚಾರವಾದಿಯಾದ ಅವರು ಒಪ್ಪುತ್ತಿದ್ದರೋ ಇಲ್ಲವೋ, ಪದದ ಅರ್ಥಕ್ಕಂತೂ ಇದಕ್ಕಿಂತ ಒಳ್ಳೆಯ ಉದಾಹರಣೆ ಜಿಲ್ಲೆಯಲ್ಲಿ ಸಿಗದು.

ನರಸಿಂಹಯ್ಯನವರಿಂದ ಚರ್ಚೆಗೆ ಇನ್ನೊಂದು ಅಂಶ ಸೇರುತ್ತದೆ. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ, ವಿವಾದ ಬಂತು. ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯವಾಗಿ ಸಂವಿಧಾನಕ್ಕೆ ಸೇರಿಸಿದ 42ನೆಯ ತಿದ್ದುಪಡಿಯೂ ಆ ವರ್ಷದ್ದೇ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು 28ನೆಯ ವಿಧಿ ಮೊದಲಿನಿಂದಲೂ ಹೇಳುತ್ತದೆ. ಹಾಗಾದರೆ ಸರ್ಕಾರಿ ಶಾಲೆಯ ಶಿಕ್ಷಕ ಯಾವ ಅರ್ಥದಲ್ಲಿ ಗುರು? ಗುರುವಿಗೆ ಶಿಷ್ಯನ ಶರಣಾಗತಿ ಬೇಕು. ನರಸಿಂಹಯ್ಯ ಬಯಸಿದ ಶಿಕ್ಷಕನಿಗೆ ಶಿಷ್ಯನ ಪ್ರಶ್ನೆ ಬೇಕು. ಶಿಕ್ಷಕರ ದಿನಾಚರಣೆಯಲ್ಲಿ ಮೊದಲನೆಯವನಿಗೆ ಹಾರ ಹಾಕಿ, ವರ್ಷದ ಉಳಿದ ದಿನಗಳಲ್ಲಿ ಎರಡನೆಯವನಿಂದ ಕೆಲಸ ನಿರೀಕ್ಷಿಸುವುದು ಈಗಿನ ರೂಢಿ. ಗುರುವಿನ ಪಟ್ಟ ಕೊಟ್ಟರೆ ಸಂಬಳ, ತರಬೇತಿ, ಹೊಣೆಗಾರಿಕೆಗಳ ಮಾತನ್ನು ಮರೆಸುವುದು ಸುಲಭವಾಗುತ್ತದೆ ಎಂಬುದೂ ನಿಜ.

ಹಕ್ಕು, ಋಣ ಎಂಬ ದೊಡ್ಡ ಪದಗಳು ಒಂದನೆಯ ತರಗತಿಯ ಬಾಗಿಲಲ್ಲಿ ಮೊದಲು ಎಡವುವುದು ಭಾಷೆಗೆ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಮಗು ಮನೆಯಲ್ಲಿ ನೀರಿಗೆ ‘ನೀಳ್ಳು’ ಎನ್ನುತ್ತದೆ, ಮನೆಗೆ ‘ಇಲ್ಲು’ ಎನ್ನುತ್ತದೆ. ಕನ್ನಡ ಮಾತ್ರ ಬಲ್ಲ ಶಿಕ್ಷಕಿಯ ಕಿವಿಗೆ ಆ ‘ಇಲ್ಲು’ ‘ಇಲ್ಲ’ ಎಂದು ಬಿದ್ದರೆ ಮಗುವಿಗೆ ಮನೆಯೇ ಇಲ್ಲದಂತಾಗುತ್ತದೆ. ಎರಡೂ ಭಾಷೆ ಬಲ್ಲ ಸ್ಥಳೀಯ ಮೇಡಂ ಆದರೆ ನಕ್ಕು, ಮನೆ ಎನ್ನುವುದನ್ನು ಕಲಿಸಿ ಮುಂದೆ ಹೋಗುತ್ತಾರೆ. ಯಾವ ಅರ್ಹತಾ ಪರೀಕ್ಷೆಯೂ ಈ ಗುಣವನ್ನು ಅಳೆಯುವುದಿಲ್ಲ. ಕೈವಾರದ ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಕೇಳುವವರು ಯಾವ ಭಾಷೆಯವರೋ ಆ ಭಾಷೆಯಲ್ಲಿ ತತ್ತ್ವ ಹೇಳುವುದು ಅವರಿಗೆ ಸಹಜವಾಗಿತ್ತು. ಶಿಡ್ಲಘಟ್ಟದ ಮುಸ್ಲಿಂ ಕೇರಿಯ ಮಗುವಿಗೆ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ತೆಲುಗು ಎರಡೂ, ಕನಸಿನಲ್ಲಿ ಇಂಗ್ಲಿಷು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮವಾಗಬೇಕೆಂಬ ಸರ್ಕಾರದ 1994ರ ಆದೇಶ 20 ವರ್ಷ ಕೋರ್ಟುಗಳಲ್ಲಿ ಓಡಾಡಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ಪಾಲಕರದೆಂದು ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ 1000 ಇಂಗ್ಲಿಷ್ ಮಾಧ್ಯಮ ತರಗತಿಗಳನ್ನು ತೆರೆಯಲಾಯಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಮತ್ತೆ 5ನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವನ್ನು ಕೇಳಿತು. ಭಾಷೆ ಬಲ್ಲವರ ಮಾತಿನಲ್ಲಿ ಹುರುಳಿದೆ. ಗೊತ್ತಿರುವ ಭಾಷೆಯಲ್ಲೇ ಮಗು ಯೋಚಿಸಲು ಕಲಿಯುತ್ತದೆ. ಕೂಲಿಯ ತಾಯಿಯ ಮಾತಿನಲ್ಲೂ ಹುರುಳಿದೆ. ಉಪದೇಶ ಮಾಡುವವರ ಮಕ್ಕಳೆಲ್ಲ ಕಾನ್ವೆಂಟಿನಲ್ಲಿರುವಾಗ ತನ್ನ ಮಗುವೊಂದೇ ಕನ್ನಡ ಉಳಿಸಬೇಕೆ ಎಂದು ಅವಳು ಕೇಳುತ್ತಾಳೆ. ಮಾತೃಭಾಷೆಯ ವಾದ ಗೆಲ್ಲಬೇಕಾದರೆ ಅದನ್ನು ಮೊದಲು ಹೇಳುವವರ ಮನೆಯಿಂದ ಶುರು ಮಾಡಬೇಕು. ಬಡವರ ಮೇಲೆ ಮಾತ್ರ ಹೇರಿದ ಸತ್ಯ ನೀತಿಯಾಗುವುದಿಲ್ಲ.

‘ಗುಣಮಟ್ಟ’ ಎಂಬ ಪದದಲ್ಲಿ ಎರಡು ತುಂಡುಗಳಿವೆ. ಮಟ್ಟವನ್ನು ಗಾರೆ ಕೆಲಸದವನ ರಸಮಟ್ಟ ಹೇಳುತ್ತದೆ. ಗುಣವನ್ನು ಹೇಳುವ ಉಪಕರಣವಿಲ್ಲ. ಸುಧಾರಣೆಗಳು ಸಹಜವಾಗಿಯೇ ಮಟ್ಟದ ಕಡೆ ವಾಲುತ್ತವೆ. ಶಿಕ್ಷಕರ ಅರ್ಹತಾ ಪರೀಕ್ಷೆ ಅದರಲ್ಲೊಂದು. ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ 2 ವರ್ಷದೊಳಗೆ ಅದನ್ನು ಪಾಸು ಮಾಡಬೇಕೆಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ಹೇಳಿದಾಗ ಇಪ್ಪತ್ತು ವರ್ಷ ಪಾಠ ಮಾಡಿದವರು ಗಾಬರಿಬಿದ್ದರು. ವಿಷಯ ಗೊತ್ತಿಲ್ಲದವರು ಕಲಿಸಬಾರದು ಎಂಬುದರಲ್ಲಿ ತಕರಾರಿಲ್ಲ. ಅಷ್ಟಕ್ಕೇ ಗುಣಮಟ್ಟ ಬಂತೆಂದುಕೊಂಡರೆ ತಕರಾರು.

ಗುಣವನ್ನು ಹಿಡಿಯಲು ಹೊರಟ ಒಂದು ಪ್ರಯತ್ನ ಈ ಜಿಲ್ಲೆಯ ಪಕ್ಕದಿಂದಲೇ ಬಂತು. ಚಿಂತಾಮಣಿಯಿಂದ ಪೂರ್ವಕ್ಕೆ ರಸ್ತೆ ಹಿಡಿದು ಗಡಿ ದಾಟಿದರೆ ಮದನಪಲ್ಲಿ. ಅದರ ಹತ್ತಿರ ಚಿಂತಕ ಜಿಡ್ಡು ಕೃಷ್ಣಮೂರ್ತಿಯವರ ರಿಷಿ ವ್ಯಾಲಿ ಶಾಲೆ. ಕೃಷ್ಣಮೂರ್ತಿ ಹುಟ್ಟಿದ್ದು ಮದನಪಲ್ಲಿಯಲ್ಲಿ, ಬೆಳೆದದ್ದು ಥಿಯೊಸಾಫಿಕಲ್ ಸೊಸೈಟಿಯ ಆನಿ ಬೆಸೆಂಟರ ಆಶ್ರಯದಲ್ಲಿ. ನರಸಿಂಹಯ್ಯ ನಡೆದು ಹೋಗಿ ಸೇರಿದ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಹುಟ್ಟಿದ್ದೂ ಆಕೆಯ ಪ್ರೇರಣೆಯಿಂದಲೇ. ಗುರುವಿನ ಪಟ್ಟವನ್ನೇ ನಿರಾಕರಿಸಿದ ಕೃಷ್ಣಮೂರ್ತಿ, ಮಗುವನ್ನು ಇನ್ನೊಂದು ಮಗುವಿನೊಂದಿಗೆ ಹೋಲಿಸುವುದೇ ಹಿಂಸೆಯ ಬೀಜ ಎಂದು ತಿಳಿದವರು. ರಿಷಿ ವ್ಯಾಲಿಯವರು ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ರೂಪಿಸಿದ ಕಾರ್ಡುಗಳ ವಿಧಾನವನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು 1995ರಲ್ಲಿ ತಮ್ಮ ತಾಲ್ಲೂಕಿನಲ್ಲಿ ‘ನಲಿ ಕಲಿ’ ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು.

ನಲಿ ಕಲಿ ಕೊಠಡಿಯಲ್ಲಿ ಸಾಲು ಬೆಂಚುಗಳಿಲ್ಲ. ಒಂದು, ಎರಡು, ಮೂರನೆಯ ತರಗತಿಯವರು ಕಲೆತು ನೆಲಮಟ್ಟದ ದುಂಡು ಮೇಜುಗಳ ಸುತ್ತ ಕೂತಿರುತ್ತಾರೆ. ಈ ಗುಂಪುಗಳಿಗೆ ‘ತಟ್ಟೆ’ ಎಂದು ಹೆಸರು. ಮೊದಲ ತಟ್ಟೆಯವರಿಗೆ ಶಿಕ್ಷಕಿಯ ಪೂರ್ತಿ ನೆರವು, ಕೊನೆಯ ತಟ್ಟೆಯವರು ತಾವೇ ಕಲಿಯುವವರು. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈಗೆಟುಕುವಂತೆ ಕಪ್ಪುಹಲಗೆ, ತಲೆಯ ಮೇಲೆ ದಾರಕ್ಕೆ ಕಟ್ಟಿದ ಕಾಗದದ ಹಕ್ಕಿ, ಅಕ್ಷರ, ಮುಖವಾಡಗಳ ಚಪ್ಪರ. ಬಂದ ಮಗು ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ತಾನು ನಿನ್ನೆ ನಿಂತಿದ್ದ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿ, ಅದರ ಗುರುತಿನ ಕಾರ್ಡನ್ನು ತಟ್ಟೆಗೆ ತರುತ್ತದೆ. ಗೂಡು ಕಟ್ಟುವ ವಾರದಲ್ಲಿ ನಾಲ್ಕು ದಿನ ತಪ್ಪಿಸಿಕೊಂಡ ಶಿಡ್ಲಘಟ್ಟದ ಹುಡುಗಿ ಹಿಂದಿರುಗಿದಾಗ ಪಾಠ ಅವಳನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಅವಳ ಮೆಟ್ಟಿಲು ಅಲ್ಲೇ ಇರುತ್ತದೆ. ರೇಷ್ಮೆ ಸಾಕುವ ಮನೆಯಲ್ಲಿ ನಾಲ್ಕನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳು ಹಣ್ಣಾದ ಮೇಲೆ ಅದನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ದಿನ ಎಲ್ಲ ಕೈಗಳೂ ಬೇಕು. ಹುಳು ಶಾಲೆಯ ವೇಳಾಪಟ್ಟಿ ನೋಡುವುದಿಲ್ಲ. ಸಮಾನತೆ ಎಂದರೆ ಎಲ್ಲರಿಗೂ ಒಂದೇ ದಿನ ಒಂದೇ ಪಾಠ ಎಂದು ತಿಳಿದ ಶಾಲೆ ಈ ಹುಡುಗಿಯನ್ನು ಕಳೆದುಕೊಳ್ಳುತ್ತದೆ. ಅವಳಿಗಾಗಿ ಕಾಯುವ ಶಾಲೆ ಹೆಚ್ಚು ನ್ಯಾಯವಾದದ್ದು.

ಹೀಗೆ ಗೌರವದಿಂದ ಹುಟ್ಟಿದ ವಿಧಾನ ಜಾರಿಯಲ್ಲಿ ಉಳಿತಾಯದ ಉಪಾಯವೂ ಆಯಿತು. ಮೂರು ತರಗತಿ ಒಟ್ಟಿಗೆ ಕೂರುವುದಾದರೆ ಮೂವರು ಶಿಕ್ಷಕರು ಯಾಕೆ ಎಂಬ ಲೆಕ್ಕ ಬಂತು. ದಾಖಲೆ ತುಂಬುವ ಕೆಲಸ ಬೆಳೆಯಿತು. ಪಾಲಕರು ಇದನ್ನು ಆಟದ ಶಾಲೆ ಎಂದು ನೋಡಿ, ಟೈ ಕಟ್ಟಿ ವ್ಯಾನಿನಲ್ಲಿ ಕರೆದೊಯ್ಯುವ ಶಾಲೆಯ ಕಡೆ ಮುಖ ಮಾಡಿದರು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಹೇಳುತ್ತದೆ. ಆದರೂ 2025ರ ದಸರಾ ರಜೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದವರು ಹೆಚ್ಚಾಗಿ ಶಾಲಾ ಶಿಕ್ಷಕರು. ಅದಕ್ಕಾಗಿ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಲಾಯಿತು. ಯಾರು ಶಿಕ್ಷಣದಲ್ಲಿ ಹಿಂದುಳಿದಿದ್ದಾರೆಂದು ಎಣಿಸಲು ಹಿಂದುಳಿದವರ ಮಕ್ಕಳ ಪಾಠ ನಿಲ್ಲಿಸಿದ್ದು ನಮ್ಮ ಆಡಳಿತದ ಶೈಲಿಗೆ ತಕ್ಕದ್ದೇ.

ಫಲಿತಾಂಶವನ್ನೇ ಗುಣಮಟ್ಟವೆಂದು ಓದುವ ಅಭ್ಯಾಸ ಇನ್ನೊಂದು ನೈತಿಕ ತೊಡಕನ್ನು ತರುತ್ತದೆ. 2020ರ ಎಸ್‌ಎಸ್‌ಎಲ್‌ಸಿಯಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೆ ಮೊದಲನೆಯ ಜಿಲ್ಲೆಯಾಯಿತು. ಮುಂದೆ ಆ ಸ್ಥಾನ ಉಳಿಯಲಿಲ್ಲ. ಜಿಲ್ಲೆಯ ಮಕ್ಕಳು ಆ ವರ್ಷ ದಿಢೀರನೆ ಜಾಣರಾಗಿ ಆಮೇಲೆ ದಡ್ಡರಾದರೆಂದು ಯಾರೂ ನಂಬುವುದಿಲ್ಲ. ಸ್ಥಾನಗಳ ಪೈಪೋಟಿ ಹೇಳುವುದು ಕಡಿಮೆ, ಮರೆಸುವುದು ಹೆಚ್ಚು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ‘ಕೃಪಾಂಕ’ವೂ ಧರ್ಮದಿಂದ ಬಂದ ಮಾತೇ. ಹತ್ತು ವರ್ಷ ಸಲ್ಲಿಸಬೇಕಾಗಿದ್ದನ್ನು ಸಲ್ಲಿಸದೆ, ಹತ್ತನೆಯ ವರ್ಷದ ಕೊನೆಗೆ ಕೃಪೆ ತೋರಲಾಯಿತು.

ಸಮಾನತೆಯ ಲೆಕ್ಕದಲ್ಲಿ ರಾಜ್ಯ ತೆಗೆದುಕೊಂಡ ಎರಡು ದೊಡ್ಡ ತೀರ್ಮಾನಗಳನ್ನು ಈ ಬೆಳಕಿನಲ್ಲಿ ನೋಡಬಹುದು. ಖಾಸಗಿ ಶಾಲೆಗಳ ಶೇ 25 ಸೀಟು ಬಡವರಿಗೆ ಎಂಬ ನಿಯಮ 2009ರ ಕಾಯ್ದೆಯಲ್ಲಿದೆ. 2019ರ ಜನವರಿಯಲ್ಲಿ ಕರ್ನಾಟಕ ತನ್ನ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಕೊಡಬೇಕಿಲ್ಲ ಎಂದಿತು. ಸರ್ಕಾರದ ಹಣ ಸರ್ಕಾರಿ ಶಾಲೆಗೇ ಉಳಿಯಲಿ ಎಂಬ ಕಾರಣ ತಪ್ಪಲ್ಲ. ಉಳಿದ ಹಣದಿಂದ ಆ ಹತ್ತಿರದ ಶಾಲೆಗೆ ಕಾಯಂ ಶಿಕ್ಷಕರು ಬಂದಿದ್ದರೆ ವಾದ ಪೂರ್ತಿಯಾಗುತ್ತಿತ್ತು. ಎರಡನೆಯದು, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳು. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕ, ಪ್ರಯೋಗಾಲಯ, ಗ್ರಂಥಾಲಯ ಸಾಧ್ಯ. ಅದಕ್ಕಾಗಿ ಹತ್ತು ಹದಿನೈದು ಮಕ್ಕಳ ಹಳ್ಳಿ ಶಾಲೆ ಮುಚ್ಚಿದರೆ ಮತ್ತೆ ನಡೆಯಬೇಕಾದದ್ದು ಬಡವರ ಮಗು, ಅದರಲ್ಲೂ ಹೆಣ್ಣುಮಗು. ಬಸ್ಸು ಕೊಡುವೆವೆಂದು ಹೇಳುವುದು ಸುಲಭ. ಗೌರಿಬಿದನೂರು ಗಡಿಯ ಒಳಹಳ್ಳಿಗೆ ಬೆಳಿಗ್ಗೆ ಬಸ್ಸು ಬರುತ್ತದೆಯೇ ಎಂದು ನೋಡಿ ಹೇಳಬೇಕು. ಸಂಖ್ಯೆ ಕಡಿಮೆಯೆಂದು ದಾನಿ ತನ್ನ ದಾನ ನಿಲ್ಲಿಸಬಹುದು. ಸಾಲಗಾರ ಹಾಗೆ ಹೇಳಲಾರ. ಊರಲ್ಲಿ ಒಂದೇ ಮಗು ಉಳಿದರೂ ಬಾಕಿ ಬಾಕಿಯೇ.

ಋಣವೆಂದು ಒಪ್ಪಿದರೆ ಯಾರಿಗೆ ಮೊದಲು ಎಂಬುದೂ ತೀರ್ಮಾನವಾಗುತ್ತದೆ. ಹೆಚ್ಚು ಕಾಲದಿಂದ ಬಾಕಿ ಉಳಿದದ್ದನ್ನು ಮೊದಲು ತೀರಿಸಬೇಕು. ಅನುಭವಿ ಶಿಕ್ಷಕರು ಹೋಗಬೇಕಾದದ್ದು ರೈಲು, ಬಸ್ಸು ಸುಲಭವಾಗಿ ಸಿಗುವ ಪಟ್ಟಣದ ಶಾಲೆಗಲ್ಲ. ಮನೆಮಾತು ಬೇರೆಯಾದ, ಪೋಷಕರಿಗೆ ಓದಿಲ್ಲದ, ಹುಳುವಿನ ಮನೆಯ ಮಕ್ಕಳಿರುವ ಶಾಲೆಗೆ. ಈಗ ನಡೆಯುವುದು ಹೆಚ್ಚಾಗಿ ಉಲ್ಟಾ. ಸೇವಾ ಹಿರಿತನ ಬಂದಂತೆ ವರ್ಗಾವಣೆ ಹೆದ್ದಾರಿಯ ಕಡೆಗೆ, ಬೆಂಗಳೂರಿನ ಕಡೆಗೆ ಸರಿಯುತ್ತದೆ. ಖಾಲಿ ಉಳಿದ ಒಳಹಳ್ಳಿಯ ಜಾಗಕ್ಕೆ ಅತಿಥಿ ಬರುತ್ತಾರೆ. ಅಲ್ಲಿ ಪಾಠ ನಡೆಯುತ್ತಿದ್ದರೆ ಅದು ಹೆಚ್ಚಾಗಿ ಆ ಅತಿಥಿಯಿಂದಲೇ. 2025-26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ತಿಂಗಳ ಗೌರವಧನ 12,000 ರೂಪಾಯಿ. ಶೈಕ್ಷಣಿಕ ವರ್ಷ ಮುಗಿಯುತ್ತಿದ್ದಂತೆ ಅವರ ಅವಧಿಯೂ ಮುಗಿಯುತ್ತದೆ. ಮೇ ಕೊನೆಯಲ್ಲಿ ಶಾಲೆ ಮತ್ತೆ ಬಾಗಿಲು ತೆರೆಯುವಾಗ ಮಕ್ಕಳು ಬಂದಿರುತ್ತಾರೆ. ಅವರಿಗೆ ಕಲಿಸಬೇಕಾದವರ ಹೊಸ ಆದೇಶ ಇನ್ನೂ ಬರಬೇಕಾಗಿರುತ್ತದೆ.